ಕೇಸು ಜಾಸ್ತಿಯಾದರೆ ಊರು ಕೆಟ್ಟಿತು ಅಂತಾನಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪೊಲೀಸು, ಕಳ್ಳತನ, ಗುಳೆ, ಹೊರಗಿನಿಂದ ಬಂದ ಕೂಲಿಗಳ ಬಗ್ಗೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯಿಂದ ಬಂದಿವೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಕೇಸು ಜಾಸ್ತಿಯಾಗಿವೆ ಅಂತ ಪೇಪರ್‌ನಲ್ಲಿ ಓದಿದೆ. ಮನೆಯಲ್ಲಿ ಇಬ್ಬರು ಮೊಮ್ಮಗಳಂದಿರು ಇದ್ದಾರೆ. ಸಂಜೆ ಟ್ಯೂಷನ್‌ಗೆ ಕಳಿಸೋಕೂ ಭಯ ಆಗುತ್ತೆ. ಊರು ಇಷ್ಟು ಕೆಟ್ಟು ಹೋಯ್ತಾ?
– ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ದಾವಣಗೆರೆ

ಯಜಮಾನರೇ, ಪೇಪರ್‌ನಲ್ಲಿ ಬಂದಿದ್ದು ಠಾಣೆಯಲ್ಲಿ ದಾಖಲಾದ ಕೇಸಿನ ಲೆಕ್ಕ. ಊರಲ್ಲಿ ನಡೆದಿದ್ದರ ಲೆಕ್ಕ ಅಲ್ಲ. ಎರಡರ ನಡುವೆ ಎಷ್ಟು ಅಂತರ ಇದೆ ಅಂತ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ, ಹೆಂಗಸರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರು. ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಜನ ಗಂಡನ ಕೈಯಲ್ಲಿ ಹಿಂಸೆ ಅನುಭವಿಸಿದ್ದೇವೆ ಅಂದರು. ದೇಶದ ಸರಾಸರಿ ಶೇ. 29. ಹೀಗೆ ಹಿಂಸೆ ಅನುಭವಿಸಿದವರಲ್ಲಿ ಯಾರ ಹತ್ತಿರವಾದರೂ ನೆರವು ಕೇಳಿದವರು ಇಡೀ ದೇಶದಲ್ಲಿ ಶೇ. 14 ಮಾತ್ರ. ಅವರಲ್ಲೂ ಬಹಳಷ್ಟು ಜನ ಹೇಳಿಕೊಂಡಿದ್ದು ತವರಿನವರ ಹತ್ತಿರ. ಠಾಣೆಯ ಮೆಟ್ಟಿಲು ಹತ್ತಿದವರು ತೀರಾ ಕಮ್ಮಿ.

ಹಾಗಾಗಿ ಕೇಸು ಜಾಸ್ತಿಯಾಗೋಕೆ ಎರಡು ಕಾರಣ ಇರಬಹುದು. ಹೊಡೆಯೋರು ಜಾಸ್ತಿಯಾಗಿರಬಹುದು, ಇಲ್ಲವೇ ಹೇಳಿಕೊಳ್ಳೋರು ಜಾಸ್ತಿಯಾಗಿರಬಹುದು. ಮಧ್ಯಪ್ರದೇಶದಲ್ಲಿ 180 ಠಾಣೆಗಳನ್ನು ಆಯ್ದುಕೊಂಡು ಒಂದು ದೊಡ್ಡ ಪ್ರಯೋಗ ನಡೆಯಿತು. ಅದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಸಂದೀಪ್ ಸುಖ್ತಣಕರ್, ಗೇಬ್ರಿಯಲ್ ಕ್ರುಕ್ಸ್-ವಿಸ್ನರ್, ಅಕ್ಷಯ್ ಮಂಗ್ಲಾ ಅದನ್ನು ನಡೆಸಿದವರು. ಕೆಲವು ಠಾಣೆಗಳಲ್ಲಿ ಹೆಂಗಸರಿಗೇ ಅಂತ ಸಹಾಯ ಡೆಸ್ಕ್ ಇಟ್ಟರು, ಕೂತು ಮಾತಾಡೋಕೆ ಜಾಗ ಮಾಡಿದರು, ಸಿಬ್ಬಂದಿಗೆ ತರಬೇತಿ ಕೊಟ್ಟರು. ಉಳಿದ ಠಾಣೆಗಳನ್ನು ಹಾಗೇ ಬಿಟ್ಟರು. ಡೆಸ್ಕ್ ಇದ್ದ ಕಡೆ ಹೆಂಗಸರ ಕೇಸು ಜಾಸ್ತಿ ದಾಖಲಾದವು, ಅದರಲ್ಲೂ ಮಹಿಳಾ ಸಿಬ್ಬಂದಿ ಡೆಸ್ಕ್ ನೋಡಿಕೊಂಡ ಠಾಣೆಗಳಲ್ಲಿ. ಆ ಠಾಣೆಗಳ ಸುತ್ತಲಿನ ಗಂಡಸರು ದಿಢೀರನೆ ಕೆಟ್ಟು ಹೋದರಾ? ಇಲ್ಲ. ಅಲ್ಲಿ ಕೇಳಿಸಿಕೊಳ್ಳೋರು ಸಿಕ್ಕರು. ಪಂಚಾಯ್ತಿಗಳಲ್ಲಿ ಮಹಿಳಾ ಮೀಸಲಾತಿ ಬಂದ ಮೇಲೆ ಏನಾಯಿತು ಅಂತ ಲಕ್ಷ್ಮಿ ಅಯ್ಯರ್ ಮತ್ತು ಸಂಗಡಿಗರು 2012ರಲ್ಲಿ ಬರೆದದ್ದೂ ಇದೇ. ಮೀಸಲಾತಿ ಬಂದ ಮೇಲೆ ಹೆಂಗಸರ ಮೇಲಿನ ಅಪರಾಧದ ಕೇಸುಗಳು ಶೇ. 40ಕ್ಕೂ ಜಾಸ್ತಿ ಏರಿದವು. ದೂರು ಕೊಡುವ ಧೈರ್ಯ ಬಂದದ್ದೇ ಇದಕ್ಕೆ ಮುಖ್ಯ ಕಾರಣ ಅಂತ ಅವರು ತೋರಿಸಿದರು.

ಇನ್ನೊಂದು ಕಡೆ ಹೇಗಿರುತ್ತೆ ಅಂತಲೂ ಹೇಳುತ್ತೇನೆ. ನಾನು ಅಧ್ಯಯನಕ್ಕೆ ಅಂತ ಒಂದು ಠಾಣೆಯ ಬೆಂಚಿನ ಮೇಲೆ ಕೂತಿದ್ದಾಗ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಜವಳಿ ಅಂಗಡಿಯ ಕವರ್. ಅದರಲ್ಲಿ ಆಧಾರ್ ಜೆರಾಕ್ಸ್, ಮದುವೆ ಫೋಟೊ, ಆಸ್ಪತ್ರೆ ಚೀಟಿ. ಮೊದಲು ಸೆಂಟ್ರಿಗೆ ಎಲ್ಲಾ ಹೇಳಿದಳು. ಆಮೇಲೆ ರೈಟರ್‌ಗೆ ಇನ್ನೊಂದು ಸಲ ಮೊದಲಿಂದ ಹೇಳಿದಳು. ಅಲ್ಲಿ ಗಂಡಸರೇ ಮೂರ್ನಾಲ್ಕು ಜನ ನಿಂತು ಕೇಳುತ್ತಿದ್ದರು. ಕೊನೆಗೆ ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದ್ದಾರೆ, ಸಂಜೆ ಬಾರಮ್ಮ, ನಿನ್ನ ಗಂಡನ್ನೂ ಕರೆಸಿ ಮಾತಾಡೋಣ ಅಂದರು. ಅವಳ ಊರಿಗೆ ಕೊನೇ ಬಸ್ಸು ಸಂಜೆಗೇ ಇತ್ತು. ಚೀಟಿಗಳನ್ನೆಲ್ಲ ವಾಪಸ್ ಕವರಿಗೆ ಹಾಕಿಕೊಂಡು ಹೊರಟಳು. ಆ ಠಾಣೆಯ ಲೆಕ್ಕದಲ್ಲಿ ಆ ದಿನ ಹೆಂಗಸರ ಮೇಲಿನ ದೌರ್ಜನ್ಯ ಸೊನ್ನೆ.

ಅದಕ್ಕೇ ನನಗೆ ಒಂದು ವಿಷಯದಲ್ಲಿ ಬಹಳ ಸಿಟ್ಟಿದೆ. ಕೇಸು ಏರಿದ ಠಾಣೆಯನ್ನು ಮೀಟಿಂಗಿನಲ್ಲಿ ಎಬ್ಬಿಸಿ ನಿಲ್ಲಿಸಿ ಬೈದರೆ ಮುಂದಿನ ವರ್ಷ ಆ ಠಾಣೆಯವರು ಏನು ಮಾಡುತ್ತಾರೆ? ಬಂದವರನ್ನೆಲ್ಲ ರಾಜಿ ಮಾಡಿಸಿ ಕಳಿಸುತ್ತಾರೆ. ಲೆಕ್ಕ ಇಳಿಯುತ್ತದೆ, ಹೊಡೆತ ಇಳಿಯೋದಿಲ್ಲ. ಅಪರಾಧ ಏರುವುದು ಬೇರೆ, ದಾಖಲಾತಿ ಏರುವುದು ಬೇರೆ ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಆ ಮಾತನ್ನು ಯಾರೂ ಓದುವುದಿಲ್ಲ, ಟೇಬಲ್ ಮಾತ್ರ ನೋಡುತ್ತಾರೆ. ಟೇಬಲ್‌ಗೂ ಅದರದೇ ನಿಯಮ ಇದೆ. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತಾರೆ. ಅತ್ಯಾಚಾರ ಮಾಡಿ ಕೊಂದರೆ ಅದು ಕೊಲೆಯ ಸಾಲಿಗೆ ಹೋಗುತ್ತದೆ.

ನಮ್ಮ ಜಿಲ್ಲೆಗೇ ಸಂಬಂಧಿಸಿದ ಒಂದು ತೊಡಕನ್ನೂ ನೆನಪಿಡಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. 2018ರಲ್ಲಿ ಹರಪನಹಳ್ಳಿ ತಾಲ್ಲೂಕು ನಮ್ಮಿಂದ ಬಳ್ಳಾರಿಗೆ ಹೋಯಿತು. 2011ರ ಜನಗಣತಿಯಲ್ಲಿ ಜಿಲ್ಲೆಗೆ ಹತ್ತೊಂಬತ್ತೂವರೆ ಲಕ್ಷ ಜನ ಅಂತ ಇರುವುದು ಹರಪನಹಳ್ಳಿಯನ್ನೂ ಸೇರಿಸಿ. ಈಗಿನ ಕೇಸನ್ನು ಆ ಹಳೇ ಜನಸಂಖ್ಯೆಗೆ ಭಾಗಿಸಿದರೆ ಊರು ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. 2017ರ ಪಕ್ಕ 2019ನ್ನು ಇಟ್ಟು ಅಪರಾಧ ಇಳಿದಿದೆ ಅಂದರೂ ಅದೇ ತಪ್ಪು.

ಹಾಗಾದರೆ ಯಾವ ಅಂಕಿಯನ್ನು ನಂಬಬೇಕು ಅಂತ ನೀವು ಕೇಳಬಹುದು. ಕೊಲೆ ಲೆಕ್ಕವನ್ನು ಬಹುಮಟ್ಟಿಗೆ ನಂಬಬಹುದು, ಹೆಣವನ್ನು ಮುಚ್ಚಿಡೋದು ಕಷ್ಟ. ಗಾಡಿ ಕಳ್ಳತನದ ಲೆಕ್ಕವೂ ಪರವಾಗಿಲ್ಲ, ಎಫ್‌ಐಆರ್ ಇಲ್ಲದೆ ಇನ್ಶೂರೆನ್ಸ್ ಸಿಗಲ್ಲ. 1990ರ ದಶಕದ ಶುರುವಿನಲ್ಲಿ ದೇಶದಲ್ಲಿ ಲಕ್ಷ ಜನಕ್ಕೆ ನಾಲ್ಕಕ್ಕೂ ಜಾಸ್ತಿ ಕೊಲೆ ಆಗುತ್ತಿದ್ದವು. 2022ರಲ್ಲಿ ಅದು ಎರಡರ ಆಸುಪಾಸು. ಮೊಮ್ಮಗಳಂದಿರನ್ನು ಟ್ಯೂಷನ್‌ಗೆ ಕಳಿಸಿ ಯಜಮಾನರೇ. ಮಕ್ಕಳು ನಡೆಯುವ ದಾರಿಯಲ್ಲಿ ಬೀದಿದೀಪ ಉರಿಯುತ್ತಿವೆಯಾ ನೋಡಿ, ಉರಿಯದಿದ್ದರೆ ಪಾಲಿಕೆಯವರ ಬೆನ್ನು ಹತ್ತಿ.

ಪ್ರಶ್ನೆ: ಬಿಹಾರ, ಒಡಿಶಾ ಕಡೆಯಿಂದ ಕೂಲಿಗಳು ಬಂದ ಮೇಲೆ ಕಳ್ಳತನ ಜಾಸ್ತಿಯಾಗಿದೆ ಅಂತ ನಮ್ಮ ರಸ್ತೆಯಲ್ಲಿ ಎಲ್ಲರೂ ಹೇಳುತ್ತಾರೆ. ಬಾಡಿಗೆಗೆ ಕೊಡಬೇಡಿ ಅಂತ ವಾಟ್ಸ್ಆ್ಯಪ್‌ನಲ್ಲಿ ಹಾಕುತ್ತಾರೆ. ಸಂಶೋಧನೆ ಏನು ಹೇಳುತ್ತೆ?
– ಹಾರ್ಡ್‌ವೇರ್ ಅಂಗಡಿ ಮಾಲೀಕರು, ಚಿತ್ರದುರ್ಗ

ಹೊರಗಿನವರು ಬಂದರೆ ಅಪರಾಧ ಏರುತ್ತದೆ ಅನ್ನೋದನ್ನು ಬೇರೆ ಬೇರೆ ದೇಶಗಳಲ್ಲಿ ಬಹಳ ಜನ ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ಟೆಕ್ಸಸ್‌ನಲ್ಲಿ ಬಂಧಿಸಿದವರ ವಲಸೆ ಸ್ಥಿತಿಯನ್ನೂ ಪೊಲೀಸರು ಬರೆದಿಟ್ಟುಕೊಳ್ಳುತ್ತಾರೆ. ಆ ದಾಖಲೆ ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗಂಭೀರ ಅಪರಾಧಗಳಲ್ಲಿ ಸಿಕ್ಕಿಬೀಳುವ ಪ್ರಮಾಣ ಅಲ್ಲೇ ಹುಟ್ಟಿದವರಿಗಿಂತ ಕಾಗದಪತ್ರ ಇಲ್ಲದ ವಲಸಿಗರಲ್ಲಿ ಬಹಳ ಕಮ್ಮಿ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಬ್ರಿಟನ್ನಿನ ಅಧ್ಯಯನ. ಬ್ರಯಾನ್ ಬೆಲ್, ಫ್ರಾನ್ಸೆಸ್ಕೊ ಫಸಾನಿ, ಸ್ಟೀಫನ್ ಮಾಚಿನ್ ಮಾಡಿದ್ದು, 2013ರಲ್ಲಿ ಬಂತು. ಅವರು ಎರಡು ಗುಂಪುಗಳನ್ನು ನೋಡಿದರು. 1990ರ ದಶಕದ ಕೊನೆಯಿಂದ ಆಶ್ರಯ ಕೇಳಿಕೊಂಡು ಬಂದವರು ಒಂದು ಗುಂಪು. ಇವರಿಗೆ ತಿಂಗಳುಗಟ್ಟಲೆ ಕೆಲಸ ಮಾಡೋಕೆ ಅನುಮತಿಯೇ ಇರಲಿಲ್ಲ. 2004ರ ನಂತರ ಪೋಲೆಂಡ್ ಮುಂತಾದ ದೇಶಗಳಿಂದ ಬಂದವರು ಇನ್ನೊಂದು ಗುಂಪು. ಇವರು ಬಂದ ದಿನದಿಂದಲೇ ಕೆಲಸಕ್ಕೆ ಹೋಗಬಹುದಿತ್ತು. ಮೊದಲ ಗುಂಪು ಇದ್ದ ಕಡೆ ಕಳ್ಳತನ ಸ್ವಲ್ಪ ಏರಿತು. ಎರಡನೇ ಗುಂಪು ಇದ್ದ ಕಡೆ ಏರಲಿಲ್ಲ. ಹೊಡೆದಾಟ ಬಡಿದಾಟ ಎರಡೂ ಕಡೆ ಏರಲಿಲ್ಲ. ಇಟಲಿಯಲ್ಲೂ ಹೀಗೇ. 2006ರಲ್ಲಿ ಕ್ಷಮಾದಾನ ಕೊಟ್ಟು ಸಾವಿರಾರು ಕೈದಿಗಳನ್ನು ಬಿಟ್ಟರು. 2007ರ ಜನವರಿಯಲ್ಲಿ ರುಮೇನಿಯಾ, ಬಲ್ಗೇರಿಯಾ ಯುರೋಪ್ ಒಕ್ಕೂಟಕ್ಕೆ ಸೇರಿದವು. ಬಿಡುಗಡೆಯಾದವರಲ್ಲಿ ಆ ಎರಡು ದೇಶದವರಿಗೆ ರಾತ್ರೋರಾತ್ರಿ ಕಾನೂನಿನ ನೆಲೆ ಸಿಕ್ಕಿತು, ಮತ್ತೆ ಜೈಲಿಗೆ ಬಂದ ಅವರ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಎಲ್ಲಿಂದ ಬಂದ ಅನ್ನೋದಕ್ಕಿಂತ ನೇರ ದಾರಿಯಲ್ಲಿ ದುಡಿದು ತಿನ್ನೋಕೆ ಬಿಟ್ಟಿದ್ದೀವಾ ಅನ್ನೋದೇ ಇಲ್ಲಿ ದೊಡ್ಡದು.

ಈಗ ನಿಮ್ಮ ರಸ್ತೆಗೆ ಬರೋಣ. ಬಂದಿರುವವರು ಹೆಚ್ಚಿನವರು ಹರೆಯದ ಗಂಡು ಹುಡುಗರು. ಯಾವ ಊರಲ್ಲೇ ಆಗಲಿ, ಯಾವ ಜಾತಿಯಲ್ಲೇ ಆಗಲಿ, ಅಪರಾಧದಲ್ಲಿ ಸಿಕ್ಕಿಬೀಳುವವರಲ್ಲಿ ಈ ವಯಸ್ಸಿನ ಗಂಡಸರೇ ಜಾಸ್ತಿ. ಹಾಗಾಗಿ ಹೋಲಿಸುವುದಾದರೆ ಅವರನ್ನು ನಿಮ್ಮ ಊರಿನ ಅದೇ ವಯಸ್ಸಿನ ಹುಡುಗರ ಜೊತೆ ಹೋಲಿಸಬೇಕು. ಮುದುಕರು ಮಕ್ಕಳೆಲ್ಲ ಸೇರಿದ ಇಡೀ ಊರಿನ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಕಟ್ಟಡದ ಪಕ್ಕದ ಶೀಟಿನ ಶೆಡ್ಡುಗಳಿಗೆ ಹೋಗಿ ಒಂದು ಸಂಜೆ ಕೂತು ಮಾತಾಡಿಸಿ. ಮೇಸ್ತ್ರಿ ಪಗಾರ ಹಿಡಿದುಕೊಂಡಿದ್ದಾನೆ, ಮಲಗಿದ್ದಾಗ ಮೊಬೈಲ್ ಹೋಯಿತು, ಇವನ್ನೇ ಹೇಳುತ್ತಾರೆ. ಠಾಣೆಗೆ ಹೋದರಾ ಅಂದರೆ ಭಾಷೆ ಬರಲ್ಲ, ನಮ್ಮನ್ನೇ ಹಿಡಿದು ಕೂರಿಸುತ್ತಾರೆ ಅನ್ನುತ್ತಾರೆ. ಅವರ ಮೇಲೆ ನಡೆದ ಅಪರಾಧ ಲೆಕ್ಕಕ್ಕೇ ಬರೋದಿಲ್ಲ, ಅವರು ಮಾಡಿದರು ಅನ್ನೋ ಸುದ್ದಿ ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ವಲಸೆ ಕೂಲಿಗಳಿಗೆ ಗುತ್ತಿಗೆದಾರ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು ಅಂತ 1979ರ ಕಾಯ್ದೆಯಲ್ಲೇ ಬರೆದಿತ್ತು. ಎಷ್ಟು ಜನರ ಹತ್ತಿರ ಅದನ್ನು ಕಂಡಿದ್ದೀರಿ?

ಹುಟ್ಟಿನಿಂದಲೇ ಕಳ್ಳರು ಅಂತ ಒಂದು ಗುಂಪಿಗೇ ಹಣೆಪಟ್ಟಿ ಕಟ್ಟಿದರೆ ಏನಾಗುತ್ತದೆ ಅಂತ ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕೊರಚರಂಥ ಸಮುದಾಯಗಳನ್ನು ಆ ಪಟ್ಟಿಗೆ ಹಾಕಿ ಹಾಜರಿ ತೆಗೆದರು. 1952ರಲ್ಲಿ ಕಾಯ್ದೆ ಹೋಯಿತು. ಊರಲ್ಲಿ ಕಳುವಾದರೆ ಮೊದಲು ಅವರ ಕೇರಿಗೆ ಜೀಪು ಹೋಗುವುದು ಅಷ್ಟು ಬೇಗ ಹೋಗಲಿಲ್ಲ. ಬಾಡಿಗೆಗೆ ಕೊಡಿ ಸಾರ್. ಆಧಾರ್ ನೋಡಿ, ಕರಾರು ಬರೆಸಿ, ಮೇಸ್ತ್ರಿ ನಂಬರ್ ಇಟ್ಟುಕೊಳ್ಳಿ. ನಮ್ಮೂರ ಹುಡುಗ ಬಂದರೂ ಇಷ್ಟನ್ನು ಕೇಳಬೇಕು ಅಲ್ವಾ?

ಪ್ರಶ್ನೆ: ನಮ್ಮ ತಾಂಡಾದಲ್ಲಿ ಅರ್ಧಕ್ಕರ್ಧ ಮನೆ ಗುಳೆ ಹೋಗುತ್ತವೆ. ಉದ್ಯೋಗ ಖಾತ್ರಿ ಬಂದು ಇಷ್ಟು ವರ್ಷ ಆದರೂ ನಿಂತಿಲ್ಲ. ಹಾಗಾದರೆ ಅದು ಉಪಯೋಗಕ್ಕೆ ಬರಲಿಲ್ಲ ಅಂತಾನಾ? ಅಸೈನ್‌ಮೆಂಟ್ ಬರೆಯಬೇಕು.
– ಬಿ.ಎ. ವಿದ್ಯಾರ್ಥಿನಿ, ಜಗಳೂರು ತಾಲ್ಲೂಕು

ತಂಗಿ, ನೀನು ಆರಿಸಿದ ವಿಷಯಕ್ಕೆ ನಿನ್ನ ಜಿಲ್ಲೆಯೇ ಸಾಕ್ಷಿ. ಅದನ್ನೇ ಅಸೈನ್‌ಮೆಂಟಿನ ಮೊದಲ ಪುಟದಲ್ಲಿ ಬರಿ. 2006ರ ಫೆಬ್ರವರಿ 2ರಂದು ಯೋಜನೆ ಶುರುವಾದಾಗ ದೇಶದ 200 ಹಿಂದುಳಿದ ಜಿಲ್ಲೆಗಳಿಗೆ ಮಾತ್ರ ಸಿಕ್ಕಿತು. ಕರ್ನಾಟಕದಿಂದ ಐದು: ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ. ಉಳಿದ ಜಿಲ್ಲೆಗಳಿಗೆ 2007 ಮತ್ತು 2008ರಲ್ಲಿ ಬಂತು. ಮೊದಲು ಪಡೆದ ಜಿಲ್ಲೆ, ಆಮೇಲೆ ಪಡೆದ ಜಿಲ್ಲೆ ಅಂತ ಹೋಲಿಸೋಕೆ ಇದರಿಂದಲೇ ಅರ್ಥಶಾಸ್ತ್ರಜ್ಞರಿಗೆ ದಾರಿ ಸಿಕ್ಕಿತು.

ಕ್ಲೆಮೆಂಟ್ ಇಂಬರ್ಟ್ ಮತ್ತು ಜಾನ್ ಪ್ಯಾಪ್ ಅನ್ನೋರು ಹೀಗೆ ಹೋಲಿಸಿ, ಕೆಲಸ ಸರಿಯಾಗಿ ಕೊಟ್ಟ ಕಡೆ ಗುಳೆ ಕಮ್ಮಿಯಾಯಿತು ಅಂತ ತೋರಿಸಿದರು. ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ ಕೂಡುವ ಗಡಿ ಹಳ್ಳಿಗಳಲ್ಲಿ ಇನ್ನೊಂದು ಸಂಗತಿ ಕಂಡರು. ಪಟ್ಟಣದಲ್ಲಿ ಕೂಲಿ ಹಳ್ಳಿಯದಕ್ಕಿಂತ ಬಹಳ ಜಾಸ್ತಿ ಇತ್ತು. ಆದರೂ ಊರಲ್ಲಿ ಖಾತ್ರಿ ಕೆಲಸ ಸಿಕ್ಕರೆ ಜನ ಹೋಗದೆ ಉಳಿಯುತ್ತಿದ್ದರು. ಇದು ನಿನಗೆ ಗೊತ್ತಿರೋದೇ. ಕಾಫಿ ತೋಟಕ್ಕೋ, ಮಂಡ್ಯ ಕಡೆ ಕಬ್ಬು ಕಡಿಯೋಕೋ ಹೋದರೆ ಕೈಗೆ ದುಡ್ಡು ಬರುತ್ತದೆ, ನಿಜ. ಆದರೆ ಮಲಗೋದು ಟಾರ್ಪಾಲ್ ಗುಡಿಸಲಲ್ಲಿ. ನೀರು, ಕಕ್ಕಸು ಇಲ್ಲ. ಮುಂಗಡ ಕೊಟ್ಟ ಮೇಸ್ತ್ರಿ ಹೇಳಿದ್ದೇ ಲೆಕ್ಕ. ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಬರಬೇಕು, ಇಲ್ಲ ಶಾಲೆ ಬಿಡಿಸಿ ಕರಕೊಂಡು ಹೋಗಬೇಕು. ಈ ಕಷ್ಟಕ್ಕೂ ಒಂದು ಬೆಲೆ ಇದೆ, ಅದು ಜನರ ಲೆಕ್ಕದಲ್ಲಿ ಇರುತ್ತದೆ, ಸರ್ಕಾರದ ಲೆಕ್ಕದಲ್ಲಿ ಇರೋದಿಲ್ಲ. ನಿನ್ನ ತಾಂಡಾದಲ್ಲಿ ಗುಳೆ ನಿಲ್ಲದಿದ್ದರೆ ಈ ಮೂರನ್ನು ಕೇಳು: ಬೇಸಿಗೆಯಲ್ಲಿ ಎಷ್ಟು ದಿನ ಕೆಲಸ ಕೊಟ್ಟರು, ಕೂಲಿ ಖಾತೆಗೆ ಎಷ್ಟು ತಡವಾಗಿ ಬಿತ್ತು, ಎನ್‌ಎಂಆರ್‌ನಲ್ಲಿ, ಅಂದರೆ ಕೂಲಿಗಳ ಹಾಜರಿ ಪಟ್ಟಿಯಲ್ಲಿ, ಯಾರ ಯಾರ ಹೆಸರಿತ್ತು. ನಾಲ್ಕು ಮನೆಯವರ ಜಾಬ್ ಕಾರ್ಡ್, ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ.

ಇದಕ್ಕೂ ಅಪರಾಧಕ್ಕೂ ಏನು ಸಂಬಂಧ ಅಂತ ಮೇಷ್ಟ್ರು ಕೇಳಿದರೆ ಶೀತಲ್ ಸೆಖ್ರಿ, ಆಡಂ ಸ್ಟೋರಿಗಾರ್ಡ್ 2014ರಲ್ಲಿ ಪ್ರಕಟಿಸಿದ್ದನ್ನು ಹೇಳು. ಮಳೆ ವಾಡಿಕೆಗಿಂತ ಬಹಳ ಕಮ್ಮಿಯಾದ ವರ್ಷ ಆ ಜಿಲ್ಲೆಯಲ್ಲಿ ವರದಕ್ಷಿಣೆ ಸಾವು ಸುಮಾರು ಶೇ. 8ರಷ್ಟು ಏರುತ್ತದೆ. ಬರ ಬಂದಾಗ ಕೆಲವರು ಸೊಸೆಯ ತವರಿನ ಕಡೆ ಕೈಚಾಚುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನಂಥ ಮಳೆ ಕಾಣದ ತಾಲ್ಲೂಕುಗಳಿಗೆ ಇದು ದೂರದ ಮಾತಲ್ಲ. ಬರಗಾಲದ ಸಭೆಗಳಲ್ಲಿ ಮೇವು, ಟ್ಯಾಂಕರ್ ಬಗ್ಗೆ ಮಾತಾಡುತ್ತಾರೆ. ಹೆಂಗಸರ ಸುರಕ್ಷತೆ ಬಗ್ಗೆಯೂ ಅದೇ ಮೇಜಿನ ಮೇಲೆ ಮಾತಾಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಬಡಾವಣೆ ಸಂಘದಿಂದ ಸಿಸಿಟಿವಿ ಹಾಕಿಸಬೇಕು ಅಂತಿದ್ದೇವೆ. ಉಪಯೋಗ ಇದೆಯಾ?
– ಸಂಘದ ಕಾರ್ಯದರ್ಶಿ, ನಿಟ್ಟುವಳ್ಳಿ, ದಾವಣಗೆರೆ

ಇದೆ, ಆದರೆ ಎಲ್ಲದಕ್ಕೂ ಅಲ್ಲ. ನಲವತ್ತು ವರ್ಷದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ವಾಹನ ನಿಲ್ಲಿಸುವ ಜಾಗಗಳಲ್ಲಿ ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡಿದೆ. ಹೊಡೆದಾಟ ತಡೆಯೋದರಲ್ಲಿ ಅಷ್ಟಿಲ್ಲ. ದುಡ್ಡು ಕಮ್ಮಿ ಇದ್ದರೆ ಮೊದಲು ದೀಪ ಹಾಕಿಸಿ. ನ್ಯೂಯಾರ್ಕ್‌ನ ಬಡವರ ವಸತಿಗಳಲ್ಲಿ 2016ರಲ್ಲಿ ಪ್ರಖರ ದೀಪ ಹಾಕಿ ನೋಡಿದರು. ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಶೇ. 36ರಷ್ಟು ಇಳಿಯಿತು. ಇನ್ನೊಂದು, ಇಡೀ ಬಡಾವಣೆಗೆ ಸಮನಾಗಿ ಹಂಚಬೇಡಿ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಬರೀ ಶೇ. 3ರಷ್ಟು ವಿಳಾಸಗಳಿಂದ ಬಂದಿದ್ದವು ಅಂತ ಲಾರೆನ್ಸ್ ಶರ್ಮನ್ 1989ರಲ್ಲಿ ತೋರಿಸಿದರು. ನಿಮ್ಮಲ್ಲೂ ಸರ ಕಿತ್ತಿದ್ದು, ಬೈಕ್ ಹೋದದ್ದು ಎಲ್ಲೆಲ್ಲಿ ಅಂತ ನಕ್ಷೆಯ ಮೇಲೆ ಗುರುತು ಹಾಕಿ, ಎರಡು ಮೂರು ಜಾಗ ತಾನಾಗೇ ಎದ್ದು ಕಾಣುತ್ತವೆ.

ಪ್ರಶ್ನೆ: ನಮ್ಮ ಯಜಮಾನರು ಕಾನ್‌ಸ್ಟೇಬಲ್. ವಾರದ ರಜೆ ಅಂತ ಹೆಸರಿಗಿದೆ, ಜಾತ್ರೆ, ರ್‍ಯಾಲಿ, ಬಂದೋಬಸ್ತ್ ಅಂತ ಸಿಗೋದೇ ಇಲ್ಲ. ಮನೆಗೆ ಬಂದರೆ ಮಕ್ಕಳ ಮೇಲೆ ರೇಗುತ್ತಾರೆ. ಇದರ ಬಗ್ಗೆ ಯಾರಾದರೂ ಅಧ್ಯಯನ ಮಾಡಿದ್ದಾರಾ?
– ಹಿರಿಯೂರಿನಿಂದ ಒಬ್ಬ ಓದುಗರು

ಮಾಡಿದ್ದಾರಮ್ಮ. ರಾಜಸ್ಥಾನದಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಅಲ್ಲಿನ ಐಪಿಎಸ್ ಅಧಿಕಾರಿ ನೀನಾ ಸಿಂಗ್ ಮತ್ತು ಸಂಗಡಿಗರು ನೂರಕ್ಕೂ ಜಾಸ್ತಿ ಠಾಣೆಗಳಲ್ಲಿ ಪ್ರಯೋಗ ಮಾಡಿದರು. ಬ್ಯಾನರ್ಜಿ, ಡುಫ್ಲೊ ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು. ಕೆಲವು ಠಾಣೆಗಳಲ್ಲಿ ವಾರದ ರಜೆ ಮತ್ತು ಸರದಿ ಡ್ಯೂಟಿ, ಕೆಲವು ಕಡೆ ವರ್ಗಾವಣೆಗೆ ತಡೆ, ಕೆಲವು ಕಡೆ ತನಿಖೆ ಮತ್ತು ಜನರ ಜೊತೆ ನಡೆದುಕೊಳ್ಳುವುದರ ತರಬೇತಿ, ಕೆಲವು ಕಡೆ ಊರಿನವರು ಬಂದು ಠಾಣೆಯಲ್ಲಿ ಕೂತು ನೋಡುವ ವ್ಯವಸ್ಥೆ. ತರಬೇತಿ ಫಲ ಕೊಟ್ಟಿತು, ವರ್ಗಾವಣೆ ನಿಲ್ಲಿಸಿದ್ದೂ ಫಲ ಕೊಟ್ಟಿತು. ವಾರದ ರಜೆ ಫಲ ಕೊಡಲಿಲ್ಲ. ರಜೆ ಬೇಡ ಅಂತ ಅದರ ಅರ್ಥ ಅಲ್ಲ. ಠಾಣೆಯ ಮುಖ್ಯಸ್ಥರೇ ಅದನ್ನು ಸರಿಯಾಗಿ ಜಾರಿ ಮಾಡಲಿಲ್ಲ, ಯಾರನ್ನು ಯಾವಾಗ ಕರೆಯಬೇಕು ಅನ್ನುವ ಅಧಿಕಾರ ಬಿಟ್ಟುಕೊಡೋಕೆ ಅವರಿಗೆ ಮನಸ್ಸಿರಲಿಲ್ಲ. ನಿಮ್ಮ ಮನೆಯಲ್ಲಿ ಆಗುತ್ತಿರುವುದೂ ಅದೇ. ಆದೇಶ ಮೇಲಿಂದ ಬರುತ್ತದೆ, ಡ್ಯೂಟಿ ಪಟ್ಟಿ ಠಾಣೆಯಲ್ಲಿ ಬರೆಯುತ್ತಾರೆ. ಪಡೆದ ರಜೆ ಎಷ್ಟು, ರದ್ದಾದದ್ದು ಎಷ್ಟು ಅಂತ ಜಿಲ್ಲೆಯ ಎಸ್‌ಪಿ ಕಚೇರಿಯಲ್ಲಿ ಪ್ರತಿ ತಿಂಗಳು ಠಾಣೆವಾರು ನೋಡದಿದ್ದರೆ ಇದು ಸರಿಹೋಗಲ್ಲ.

ಅದೇ ಪ್ರಯೋಗದಲ್ಲಿ ಇನ್ನೊಂದನ್ನೂ ಮಾಡಿದರು. ಸಾಮಾನ್ಯರ ಹಾಗೆ ಠಾಣೆಗೆ ಜನರನ್ನು ಕಳಿಸಿ ಸುಳ್ಳು ದೂರು ಕೊಡಿಸಿ, ಬರೆದುಕೊಳ್ಳುತ್ತಾರಾ ಅಂತ ನೋಡಿದರು. ಹೀಗೆ ಯಾರೋ ಬರುತ್ತಾರೆ ಅಂತ ಗೊತ್ತಾಗುತ್ತಾ ಹೋದ ಹಾಗೆ ನಿಜವಾದ ದೂರುಗಳನ್ನು ಬರೆದುಕೊಳ್ಳುವುದೂ ಸುಧಾರಿಸಿತು. ಇದು ಮುಂದಿನ ಪತ್ರ ಬರೆದವರಿಗೂ ಬೇಕಾದ ವಿಷಯ.

ಪ್ರಶ್ನೆ: ಚಿತ್ರದುರ್ಗದಿಂದ ದಾವಣಗೆರೆಗೆ ಬಸ್ಸಿನಲ್ಲಿ ಬರುವಾಗ ಬ್ಯಾಗಿನಲ್ಲಿದ್ದ ಒಡವೆ ಹೋಯಿತು. ಒಂದು ಠಾಣೆಯಲ್ಲಿ ಇದು ನಮಗೆ ಬರಲ್ಲ ಅಂದರು, ಇನ್ನೊಂದರಲ್ಲಿ ಕಳೆದುಹೋಗಿದೆ ಅಂತ ಬರೆದುಕೊಡಿ ಅಂದರು. ಏನು ಮಾಡಲಿ?
– ಗೃಹಿಣಿ, ಹೊಸದುರ್ಗ

ಅಕ್ಕ, ಕಳೆದುಹೋಗಿದೆ ಅಂತ ಬರೆದುಕೊಡಬೇಡಿ. ಹಾಗೆ ಬರೆದರೆ ಕಳ್ಳತನವೇ ಆಗಿಲ್ಲ ಅಂತಾಗುತ್ತದೆ, ಹುಡುಕುವವರೂ ಇರುವುದಿಲ್ಲ. ಕಳ್ಳತನದಂಥ ಅಪರಾಧ ನಡೆದಿದೆ ಅಂತ ದೂರಿನಲ್ಲಿ ಕಂಡರೆ ಎಫ್‌ಐಆರ್ ಮಾಡಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ ಝೀರೊ ಎಫ್‌ಐಆರ್ ಅನ್ನುತ್ತಾರೆ. ಒಡವೆ ಭರಮಸಾಗರದಲ್ಲಿ ಹೋಯ್ತೋ ಆನಗೋಡಿನಲ್ಲಿ ಹೋಯ್ತೋ ಅಂತ ನೀವು ಸಾಬೀತು ಮಾಡಬೇಕಿಲ್ಲ.

ಬಸ್ ಟಿಕೆಟ್, ಒಡವೆ ಕೊಂಡ ರಸೀದಿ ಇಲ್ಲವೇ ಅದನ್ನು ಹಾಕಿಕೊಂಡ ಫೋಟೊ, ಬಸ್ಸಿನ ನಂಬರ್, ಹತ್ತಿದ ಹೊತ್ತು, ಪಕ್ಕದಲ್ಲಿ ಯಾರು ಕೂತಿದ್ದರು ಅನ್ನೋದನ್ನೆಲ್ಲ ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆಯಿರಿ. ಜೆರಾಕ್ಸ್ ಮೇಲೆ ಠಾಣೆಯ ಸೀಲು, ಸಹಿ ಹಾಕಿಸಿಕೊಳ್ಳಿ. ಮತ್ತೆ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಂಚೆ ರಸೀದಿ ಜೋಪಾನ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಎಫ್‌ಐಆರ್ ಆದ ಮೇಲೆ ಅದನ್ನು ನಿಮಗೆ ಓದಿ ಹೇಳಬೇಕು, ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಸಹಿ ಮಾಡುವ ಮೊದಲು ಅದರಲ್ಲಿ ಕಳ್ಳತನ ಅಂತಲೇ ಬರೆದಿದ್ದಾರಾ ನೋಡಿಕೊಳ್ಳಿ.